ಬೂದೆಮ್ಮ ಹೊಲಿದ ಚೀಲ

ಯಶೋಧಾ ರಾಯಚೂರಿನಲ್ಲಿ ಕೊಂಡಿದ್ದ ಹಳೆಯ ಲ್ಯಾಪ್‌ಟಾಪ್, ದೇವದುರ್ಗದಿಂದ ಮಾನ್ವಿಗೆ ಬಸ್ಸು ಮುಟ್ಟುವಷ್ಟರಲ್ಲಿ ಹಂಚಿನಂತೆ ಕಾದು, ಬ್ಯಾಟರಿ ಬರಿದಾಗಿರುತ್ತಿತ್ತು. ಮುಚ್ಚಿಟ್ಟರೆ ಮಲಗಬೇಕಾದ ಯಂತ್ರ ಚೀಲದೊಳಗೆ ಎದ್ದು ಕೂತಿರುತ್ತಿತ್ತು. ಮಾನ್ವಿಯಲ್ಲಿ ತನ್ನ ಬಳಿ ಕಂಪ್ಯೂಟರ್ ಕಲಿಯಲು ಬಂದ ಹುಡುಗಿಯರ ಮುಂದೆ, ಅದೂ ಕರೆಂಟ್ ಹೋದ ಹೊತ್ತಿನಲ್ಲೇ, ಅವಳ ಮಾನ ಹೋಗುತ್ತಿತ್ತು.

ಆ ಯಂತ್ರವನ್ನು ನಡೆಸುವ ಲಿನಕ್ಸ್ ತಂತ್ರಾಂಶದ ತಿರುಳಾದ ಕರ್ನಲ್ ಬರೆಯುವವರಿಗೆ ದೂರು ಬರೆದಳು. ಪೋಲೆಂಡಿನ ಮಾರೆಕ್ ಎಂಬ ಪುಣ್ಯಾತ್ಮ ಒಂದಾದ ಮೇಲೊಂದು ತಿದ್ದುಪಡಿ ಕಳಿಸತೊಡಗಿದ. ಅದಕ್ಕೆ ಪ್ಯಾಚ್ ಎನ್ನುತ್ತಾರೆ. ಒಂದೊಂದನ್ನೂ ಹಾಕಿಕೊಂಡು ಇವಳು ಬಸ್ಸು ಹತ್ತಿದ್ದೇ ಹತ್ತಿದ್ದು. ಮನೆಯ ಮೇಜಿನ ಮೇಲೆ ಅದು ಪರಮ ಸಾಧು, ಬಸ್ಸಿನಲ್ಲಿ ಮತ್ತದೇ ರಾಗ.

ಒಂದು ದಿನ ತಾಯಿ ಬೂದೆಮ್ಮ ಚೀಲ ಒಗೆದು ಒಣಹಾಕಿದ್ದಳು. ಯಶೋಧಾ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದಳು. ಮಾನ್ವಿಯಲ್ಲಿ ತೆಗೆದರೆ ತಣ್ಣಗಿತ್ತು! ಹೊಸ ಪ್ಯಾಚ್ ಗೆದ್ದಿತೆಂದು ಮಾರೆಕ್‌ಗೆ ಕುಣಿದಾಡಿ ಬರೆದಳು. ಚೀಲ ಒಣಗಿತು, ರೋಗ ಮರಳಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಳು! ಚೀಲದ ಬಾಯಿಗಿದ್ದ ಆಯಸ್ಕಾಂತದ ಗುಂಡಿಯನ್ನು ಲ್ಯಾಪ್‌ಟಾಪಿನ ಅಂಚಿಗೆ ಹಿಡಿದಳು. ತೆರೆದೇ ಇದ್ದ ಪರದೆ ಕಪ್ಪಾಯಿತು. ಮುಚ್ಚಿದೆಯೋ ತೆರೆದಿದೆಯೋ ಎಂದು ಯಂತ್ರ ತಿಳಿಯುವುದೂ ಒಂದು ಆಯಸ್ಕಾಂತದಿಂದಲೇ. ಬಸ್ಸು ಕುಲುಕಿದಾಗಲೆಲ್ಲ ಗುಂಡಿ ಅತ್ತಿತ್ತ ಸರಿದು ಒಳಗಿನ ಆಯಸ್ಕಾಂತದ ಸೆಳೆತ ಕೆಡಿಸಿ, ಮುಚ್ಚಳ ತೆರೆಯಿತೆಂದು ಅದನ್ನು ಏಮಾರಿಸಿ ಎಬ್ಬಿಸುತ್ತಿತ್ತು.

ಬೂದೆಮ್ಮ ಬಾಗಿಲಲ್ಲೇ ನಿಂತು ನೋಡಿದ್ದಳು. ಮಗಳ ಕೆಲಸ ಎಂಥದ್ದೆಂದು ತಿಳಿಯದಿದ್ದರೂ ಅದರಲ್ಲಿ ತನ್ನದೂ ಒಂದು ಪಾಲಿರಲಿ ಎಂದು, ರವಿಕೆ ಹೊಲಿಯುವ ಮಷಿನ್ನಿನಲ್ಲಿ ಆ ಚೀಲ ಹೊಲಿದಿದ್ದಳು.

"ಬಸ್ಸಿನ್ಯಾಗ ಬಾಯಿ ತೆರೀಬಾರ್ದಂತ ಆ ಗುಂಡಿ ಹಚ್ಚಿದ್ನೆವ್ವಾ. ಇಷ್ಟು ದಿನ ನಿನ್ನ ಮಾನ ಕಳದಾಕಿ ನಾನ ಏನು?" ಎಂದವಳೇ ಬ್ಲೇಡು ಹಿಡಿದು ಚೀಲ ಬಿಚ್ಚಲು ಕೂತಳು.

ಯಶೋಧಾ ಬ್ಲೇಡು ಕಸಿದಿಟ್ಟು, ನಾಚಿಕೊಳ್ಳುತ್ತಲೇ ಮಾರೆಕ್‌ಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಉತ್ತರದ ಜೊತೆ ಹೊಸ ಪ್ಯಾಚೂ ಬಂತು: 'ದಯವಿಟ್ಟು ಚೀಲ ಬಿಚ್ಚಬೇಡಿ. ಯಾರ ಚೀಲದಲ್ಲಿ ಏನಿರುತ್ತದೋ! ಏಮಾರುವುದು ಯಂತ್ರದ ತಪ್ಪು. ಆ ಚೀಲದಲ್ಲೇ ಪರೀಕ್ಷೆ ಮಾಡಿ.'

ಓದಿ ಹೇಳಿದರೆ ಬೂದೆಮ್ಮ ನಂಬಲಿಲ್ಲ. "ನನ್ನ ಸಮಾಧಾನಕ್ಕ ಹೇಳಾಕತ್ತೀ."

"ಹಂಗಾರ ನೀನ ಬಾ, ನಡಿ," ಎಂದು ಯಶೋಧಾ ಹೊಸ ಪ್ಯಾಚ್ ಹಾಕಿಕೊಂಡು ತಾಯಿಯನ್ನೂ ಬಸ್ಸು ಹತ್ತಿಸಿದಳು. ಚೀಲ ಬೂದೆಮ್ಮನ ತೊಡೆಯ ಮೇಲಿತ್ತು. ಜ್ವರ ಬಂದ ಮಗುವಿನ ಮೈ ನೋಡುವಂತೆ ಕೆಳಗೆ ಅಂಗೈ ಕೊಟ್ಟು ಕೂತಳು. ತಗ್ಗು ಬಂದಾಗೊಮ್ಮೆ ಅವಳ ಮುಖ ಸಣ್ಣದಾಗುತ್ತಿತ್ತು; ಮಗಳಿಗೆ ಬ್ಯಾಟರಿಗಿಂತ ಆ ಮುಖದ ಚಿಂತೆಯೇ ಹೆಚ್ಚಾಯಿತು.

ಮಾನ್ವಿಯಲ್ಲಿ ಇಳಿದು ತೆರೆದರೆ ಬ್ಯಾಟರಿ ತುಂಬಿಯೇ ಇತ್ತು.

"ನೋಡಬೇ ಯವ್ವಾ, ಗುಂಡಿ ಗುಂಡಿ ಜಾಗದಾಗ ಅದ, ಇದು ಸುಮ್ನ ಮಲಗ್ಯಾದ."

ಬೂದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೀಲಕ್ಕೆ ಯಶೋಧಾ ಕೈ ಚಾಚಿದರೆ ಕೊಡಲಿಲ್ಲ.

"ಬಿಡು, ನಾ ಹಿಡ್ಕೊಂಡು ಬರ್ತೀನಿ," ಎಂದು ಅದನ್ನು ಎದೆಗವುಚಿಕೊಂಡು, ಕ್ಲಾಸು ಯಾವ ಕಡೆಗೆಂದು ಗೊತ್ತಿಲ್ಲದಿದ್ದರೂ, ಮಗಳಿಗಿಂತ ಮುಂದೆ ನಡೆದಳು.