ಐದು ನಿಮಿಷ ಹಿಂದಿನ ಟಿವಿ

ಕೂಡ್ಲಿಗಿಯ ಮಾರೇಶನ ಮನೆಯ ಪಡಸಾಲೆ ಗೂಡಿನಲ್ಲಿ ಮೂರು ಕಬಡ್ಡಿ ಶೀಲ್ಡ್‌ಗಳಿವೆ. ಮೂರೂ ಜಿಲ್ಲಾ ಮಟ್ಟದವು, ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗುವುದಕ್ಕೆ ಮೊದಲು ಗೆದ್ದವು. ಮೊಬೈಲ್ ಗೇಮಿನ ರಾಜ್ಯ ಚಾಂಪಿಯನ್‌ಶಿಪ್‌ನಲ್ಲಿ ತನ್ನ ತಂಡ ಫೈನಲ್ ಮುಟ್ಟಿದೆ ಎಂದು ಮಗಳು ಪ್ರಿಯಾ ಹೇಳಿದಾಗ ಅವನು ಶೀಲ್ಡ್ ಒರೆಸುತ್ತಿದ್ದ.

"ಬೆವರು ಬರದ ಆಟ ಎಂಥಾ ಆಟವ್ವ? ಇರ್ಲಿ, ಗೆದ್ದು ತಾ. ಇಲ್ಲೇ ನಡುವ ಜಾಗ ಮಾಡಿಕೊಡ್ತೀನಿ."

ಪ್ರಿಯಾಳಿಗೆ ಆ ಜಾಗ ಬೇಕಿತ್ತು. ಎರಡು ವರ್ಷ, ದಿನಕ್ಕೆ ಐದು ತಾಸು ಅಭ್ಯಾಸ ಮಾಡಿದ್ದಕ್ಕೆ ಮನೆಯಲ್ಲಿ ಅವಳಿಗೆ ಸಿಕ್ಕಿದ್ದ ಬಿರುದು 'ಫೋನ್ ಹಿಡಕೊಂಡು ಕುಂತಾಕಿ' ಎಂಬುದೊಂದೇ.

ಫೈನಲ್ ಭಾನುವಾರ ಮಧ್ಯಾಹ್ನ. ತಂಡದ ನಾಲ್ವರೂ ತಂತಮ್ಮ ಮನೆಯಿಂದಲೇ ಆಡಬೇಕು. ಬೆನ್ನ ಹಿಂದೆ ಕ್ಯಾಮೆರಾ, ಮೈಕ್ ಸದಾ ಚಾಲೂ. ಬೆಂಗಳೂರಿನಲ್ಲಿ ಕೂತ ರೆಫರಿ ಎಲ್ಲವನ್ನೂ ನೋಡುತ್ತಾನೆ, ಕೇಳುತ್ತಾನೆ. ಹೊರಗಿನವರು ಸುಳಿವು ಕೊಡುವಂತಿಲ್ಲ. ಅದಕ್ಕೆಂದೇ ನೇರಪ್ರಸಾರವನ್ನು ಐದು ನಿಮಿಷ ತಡವಾಗಿ ಬಿಡುತ್ತಾರೆ. ಈ ತಡದ ವಿಷಯವನ್ನು ಅಪ್ಪನಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ.

"ಅಪ್ಪ, ನನ್ನ ರೂಮಿಗೆ ಯಾರೂ ಬರಬಾರ್ದು."

"ನಾವ್ಯಾಕ ಬರ್ತೀವಿ? ಪಡಸಾಲ್ಯಾಗ ಟಿವಿ ಹಾಕ್ಕೊಂಡು ನೋಡ್ತೀವಿ."

ಸರಿ ಎಂದಳು. ರೂಮಿಗೂ ಪಡಸಾಲೆಗೂ ನಡುವಿನ ಗೋಡೆ ತಗಡಿನ ಮಾಡಿನವರೆಗೆ ಮುಟ್ಟುವುದಿಲ್ಲ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದವಳಿಗೆ ಆ ಕ್ಷಣ ಅದು ನೆನಪಾಗಲಿಲ್ಲ.

ಮಾರೇಶ ಡಿಪೋದ ಗೆಳೆಯರನ್ನು ಕರೆದ, ಪಕ್ಕದ ಮನೆಯ ಪಕ್ಕೀರಮ್ಮನನ್ನು ಕರೆದ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು.

ಕೊನೆಯ ಸುತ್ತು. ಹಗರಿಬೊಮ್ಮನಹಳ್ಳಿಯಿಂದ ಆಡುತ್ತಿದ್ದ ತಂಡದ ರಾಮಾಂಜಿನಿ ಹೆಡ್‌ಫೋನಿನಲ್ಲಿ ಪಿಸುಗುಟ್ಟಿದ: "ಯಕ್ಕಾ, ಇನ್ನ ಇಬ್ರೇ ಉಳಿದಿರಾದು. ಕಪ್ ನಮ್ದಾ!"

ಆಗ ಗೋಡೆಯ ಮೇಲಿಂದ ಬಂತು ಅಪ್ಪನ ದನಿ: "ಪ್ರಿಯಾ, ಹಿಂದ ನೋಡವ್ವಾ! ಟಾಂಕಿ ಹಿಂದ ಅದಾನ!"

ಇಪ್ಪತ್ತು ವರ್ಷದಿಂದ ಕಬಡ್ಡಿ ಅಂಕಣದ ಗೆರೆಯಾಚೆ ನಿಂತು ಊರಿನ ಹುಡುಗರನ್ನು ಎಚ್ಚರಿಸುತ್ತಿದ್ದ ದನಿ ಅದು. ಕೂಡ್ಲಿಗಿಯ ಮೈದಾನದಲ್ಲಿ ಯಾವ ಅಂಪೈರೂ ಅದಕ್ಕೆ ತಕರಾರು ಮಾಡಿದವನಲ್ಲ.

ನೀರಿನ ಟಾಂಕಿ ಹಿಂದೆ ಅಡಗಿದ್ದ ಎದುರಾಳಿಯನ್ನು ಪ್ರಿಯಾ ಐದು ನಿಮಿಷದ ಹಿಂದೆಯೇ ಮುಗಿಸಿದ್ದಳು. ಅದು ಅವಳಿಗೆ ಗೊತ್ತು. ಆದರೂ ಬೆರಳು ತಾನಾಗಿ ಸರಿಯಿತು. ಪರದೆಯ ಮೇಲೆ ಅವಳ ಆಟಗಾರ ಗರ್ರನೆ ಹಿಂದಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಮುಂದಕ್ಕೆ ತಿರುಗಿಸಿ ಉಳಿದಿಬ್ಬರನ್ನೂ ಹೊಡೆದಳು. ಹನ್ನೊಂದು ಅಂಕದಿಂದ ತಂಡ ಮೊದಲ ಸ್ಥಾನಕ್ಕೆ ಬಂತು.

ತಕ್ಷಣ ರೆಫರಿಯ ಕರೆ. "ಪ್ರಿಯಾ ಮೇಡಂ, ಹೊರಗಿನ ದನಿ ಕೇಳಿಸ್ತು, ನೀವು ತಿರುಗಿದ್ರಿ. ಇಪ್ಪತ್ತು ಅಂಕ ಕಡಿತ. ನಿಮ್ಮದು ಎರಡನೇ ಸ್ಥಾನ."

"ಸರ್, ಅಲ್ಲಿ ಯಾರೂ ಇರ್ಲಿಲ್ರಿ! ಅಪ್ಪ ನೋಡಿದ್ದು ಐದು ನಿಮಿಷ ಹಿಂದಿಂದು. ಬೇಕಾದ್ರ ಟೈಮ್ ನೋಡ್ರಿ."

ರೆಫರಿಗೆ ರೆಕಾರ್ಡಿಂಗ್ ತಿರುವಿ ನೋಡಲು ಮೂರು ನಿಮಿಷ ಹಿಡಿಯಿತು. "ನೋಡಿದೆ. ನೀವು ಹೇಳ್ತಿರೋದು ನಿಜ. ಆದರೆ ಸುಳಿವಿನಿಂದ ಉಪಯೋಗ ಆಯ್ತಾ ಇಲ್ವಾ ಅಂತ ನಿಯಮ ಕೇಳಲ್ಲ. ಯಾರೂ ಇಲ್ಲ ಅಂತ ಗೊತ್ತಿದ್ದೂ ಯಾಕೆ ತಿರುಗಿದ್ರಿ?"

"ಅಪ್ಪ ಕೂಗಿದ್ರಲ್ಲ ಸರ್..."

ಕರೆ ಕಡಿಯಿತು. ರಾಮಾಂಜಿನಿಯ ದನಿ ಮಾತ್ರ ಉಳಿದಿತ್ತು. "ಯಕ್ಕಾ, ನಿಮ್ಮಪ್ಪ ಎದುರಿನ ಟೀಮಿನ ಕೋಚ್ ಏನು?"

ಪ್ರಿಯಾ ಹೆಡ್‌ಫೋನ್ ಕಿತ್ತೆಸೆದು ಬಾಗಿಲು ದೂಡಿದಳು. ಬಾಯಿ ತೆರೆಯುವಷ್ಟರಲ್ಲಿ ಟಿವಿಯಲ್ಲಿ ಅವಳ ಆಟಗಾರ ಗರ್ರನೆ ಹಿಂದಕ್ಕೆ ತಿರುಗಿದ.

"ಅಲ್ಲಿ ಯಾರದಾರಂತ ತಿರುಗಿದೆವ್ವ?" ಮಾರೇಶ ತೊಡೆ ಬಡಿದುಕೊಂಡ. "ಸುಮ್ಮನ ಟೈಮ್ ವೇಸ್ಟ್!"

ಅಷ್ಟರಲ್ಲಿ ಟಿವಿಯಲ್ಲಿ ಒಬ್ಬ ಬಿದ್ದ, ಇನ್ನೊಬ್ಬನೂ ಬಿದ್ದ. ಪಡಸಾಲೆ ಸಿಳ್ಳೆ ಹಾಕಿತು.

"ನಮ್ಮ ಹುಡುಗಿ ನೋಡ್ರಿ!" ಪಕ್ಕೀರಮ್ಮ ಕೂಗಿದಳು.

ಮಾರೇಶ ಆಗಲೇ ಗೂಡಿನ ಮುಂದೆ ನಿಂತಿದ್ದ. ನಡುವಿನ ಶೀಲ್ಡನ್ನು ಎತ್ತಿ ಮೂಲೆಗಿಟ್ಟು, ಖಾಲಿಯಾದ ಜಾಗದ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ಅಪ್ಪ, ಟಿವಿ ಆರ್ಸು."

"ತಡಿಯವ್ವ, ಈಗ ಹೆಸರು ಕರೀತಾರ."

ಅದಕ್ಕೆ ಇನ್ನೂ ಮೂರು ನಿಮಿಷವಿತ್ತು. ಪ್ರಿಯಾ ರಿಮೋಟ್ ಹುಡುಕಿದಳು. ಅದು ಪಕ್ಕೀರಮ್ಮನ ಮಡಿಲಲ್ಲಿ, ಮಂಡಕ್ಕಿ ತಟ್ಟೆಯ ಕೆಳಗಿತ್ತು.