ಏಳು ಕೊಂಡಿಯ ಮುಚ್ಚಳ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ಮುದ್ದಾಗಿದ್ದದ್ದು ಒಂದು ಮುಚ್ಚಳ. ಇಂಜೆಕ್ಷನ್ ಔಷಧಿಯ ಗಾಜಿನ ಸೀಸೆಯ ಮೇಲೆ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಯೊಂದು ಇರುತ್ತದಲ್ಲ, ಹೆಬ್ಬೆರಳಿನಿಂದ ಮೀಟಿದರೆ ಟಕ್ ಎಂದು ಹಾರಿ ಒಳಗಿನ ರಬ್ಬರ್ ಬಿರಡೆ ಕಾಣಿಸುತ್ತದಲ್ಲ, ಅದು. ಅದರ ಅಚ್ಚು ಮಾಡಿದವನು ನಾನು. ಹನ್ನೊಂದು ವರ್ಷದಲ್ಲಿ ಅದು ದಾರಿಯಲ್ಲಿ ಕಳಚಿ ಬಿತ್ತು ಎಂದು ಒಂದೇ ಒಂದು ದೂರು ಬಂದಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಅಚ್ಚಿನ ಮೇಷ್ಟ್ರು ಎಂದು ಕರೆಯುತ್ತಾರೆ. ನಾನೂ ಕೊಂಚ ಎದೆ ಉಬ್ಬಿಸಿಕೊಂಡೇ ಓಡಾಡುತ್ತಿದ್ದೆ.

ತೆರೆಯಲು ಆಗುವುದಿಲ್ಲ ಎಂಬ ದೂರುಗಳು ಬರುತ್ತಿದ್ದವು, ಅದು ಬೇರೆ ಮಾತು. ಅವು ತಪಾಸಣೆ ವಿಭಾಗದ ಮೇಡಂ ಮೇಜಿಗೆ ಹೋಗುತ್ತಿದ್ದವು. ಆಕೆಯ ಕಣ್ಣು ತಪ್ಪಿಸಿ ಒಂದು ಧೂಳಿನ ಕಣವೂ ಗೇಟು ದಾಟುವುದಿಲ್ಲವಾದ್ದರಿಂದ ನಾವು ಆಕೆಗೆ ಜರಡಿ ಮೇಡಂ ಎಂದು ಹೆಸರಿಟ್ಟಿದ್ದೆವು. ಆಕೆಯ ಬಳಿ ಒಂದು ಯಂತ್ರವಿತ್ತು. ಅದರ ಉಕ್ಕಿನ ಬೆರಳು ಮುಚ್ಚಳವನ್ನು ಹಿಡಿದು ನೇರ ಮೇಲಕ್ಕೆ ಎಳೆದು, ಎಷ್ಟು ಬಲ ಬೇಕಾಯಿತೆಂದು ಬರೆದು ಕೊಡುತ್ತಿತ್ತು. ಪ್ರತಿ ಸಲವೂ ಅಂಕಿ ಸರಿಯಾಗಿಯೇ ಬರುತ್ತಿತ್ತು. ಮೇಡಂ ದೂರಿನ ಕಾಗದದ ಮೇಲೆ ‘ಬಳಸುವವರ ತಪ್ಪು’ ಎಂಬ ಮೊಹರು ಒತ್ತಿ ಕಪಾಟಿಗೆ ಸೇರಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಪಕ್ಕದಲ್ಲಿ ನಿಂತು ಒಗ್ಗರಣೆ ಹಾಕುತ್ತಿದ್ದೆ.

ಆ ಮಾತಿಗೆ ತಕ್ಕ ಶಾಸ್ತಿ ಮಾಡಿದವಳು ನನ್ನ ಅಕ್ಕ.

ಅಕ್ಕ ಇಪ್ಪತ್ತೆಂಟು ವರ್ಷದಿಂದ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ನರ್ಸು. ನನ್ನ ಮನೆಯ ಮಹಡಿಯ ಮೇಲೇ ಇರುತ್ತಾಳೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಕೆಲಸಕ್ಕೆ ಹೋದಾಗ ನನ್ನ ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ, ತಪ್ಪಿದರೆ ತಲೆಗೆ ಮೊಟಕಿ ಬೆಳೆಸಿದವಳು. ಮೊಟಕುವ ಹಕ್ಕನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಾ ಕೂತಿದ್ದಾಗ ಅಕ್ಕ ಮೆಟ್ಟಿಲಿಳಿದು ಬಂದು ಪೇಪರಿನ ಮೇಲೆ ಎರಡು ಸೀಸೆ ಇಟ್ಟಳು. ಕಲಿಯುವವರಿಗೆಂದು ಬರೀ ನೀರು ತುಂಬಿದ ಸೀಸೆಗಳು. ಮುಚ್ಚಳ ಮಾತ್ರ ನನ್ನದೇ.

“ನಿನ್ನೆ ಪರೀಕ್ಷೇಲಿ ಫೇಲಾದೆ ಕಣೋ,” ಅಂದಳು.

ಅವರ ವಾರ್ಡಿನಲ್ಲಿ ಆರು ತಿಂಗಳಿಗೊಮ್ಮೆ ಒಂದು ಪರೀಕ್ಷೆ ಇದೆ. ಮಂಚದ ಮೇಲೆ ಆಳೆತ್ತರದ ಬೊಂಬೆಯನ್ನು ಮಲಗಿಸಿ, ಹೆಡ್ ಸಿಸ್ಟರ್ ಗಡಿಯಾರ ಹಿಡಿದು ನಿಲ್ಲುತ್ತಾರೆ. ಮೂರು ನಿಮಿಷದೊಳಗೆ ಐದು ಸೀಸೆ ತೆರೆದು, ಸಿರಿಂಜಿಗೆ ಔಷಧಿ ಎಳೆದು ಕೊಡಬೇಕು. ಅಕ್ಕ ನಾಲ್ಕನೆಯ ಸೀಸೆಯ ಮುಚ್ಚಳದೊಂದಿಗೆ ಗುದ್ದಾಡುತ್ತಿರುವಾಗಲೇ ಹೊತ್ತು ಮುಗಿದಿತ್ತು. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದಿದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತಂತೆ. ಮನೆಯಲ್ಲಿ ಯಾರಿಗೂ ಉಸಿರೆತ್ತಿರಲಿಲ್ಲ.

“ಮುಂದಿನ ಸಲಾನೂ ಹೀಗೇ ಆದ್ರೆ ಬಟ್ಟೆ ಕೋಣೆಗೆ ಹಾಕ್ತಾರೆ. ಬೆಡ್‌ಶೀಟ್ ಎಣಿಸ್ಕೊಂಡು, ದಿಂಬಿನ ಚೀಲ ಮಡಿಸ್ಕೊಂಡು ಕೂತಿರ್ಬೇಕು.” ಅವಳ ದನಿ ನಡುಗಿತು. ಅಪ್ಪ ತೀರಿಕೊಂಡ ದಿನವೂ ನಾನು ಆ ನಡುಕ ಕೇಳಿರಲಿಲ್ಲ. “ನಂಗೆ ಬೇರೆ ಏನೂ ಬರಲ್ಲ. ಆ ವಾರ್ಡು ಬಿಟ್ರೆ ನಾನು ಯಾರೂ ಅಲ್ಲ.”

ಆಗ ಸುಮ್ಮನೆ ಅವಳ ಕೈ ಹಿಡಿದುಕೊಳ್ಳಬೇಕಿತ್ತು. ನಾನೋ ಅಚ್ಚಿನ ಮೇಷ್ಟ್ರು. “ಅಕ್ಕಾ, ಮುಚ್ಚಳದಲ್ಲಿ ಏನೂ ತೊಂದ್ರೆ ಇಲ್ಲ. ಯಂತ್ರದಲ್ಲಿ ನೋಡಿದೀವಿ. ಮಗೂನೂ ತೆಗಿಯತ್ತೆ,” ಎಂದು ಒಂದು ಸೀಸೆ ಎತ್ತಿಕೊಂಡು ಉಗುರು ಸಿಕ್ಕಿಸಿ ಮೀಟಿದೆ. ಟಕ್.

ಅಕ್ಕ ಇನ್ನೊಂದು ಸೀಸೆಯನ್ನು ನನ್ನ ಮುಂದೆ ಸರಿಸಿದಳು. ಚೀಲದಿಂದ ಒಂದು ಜೊತೆ ಗ್ಲೌಸು ತೆಗೆದು ನನ್ನ ಕೈಗೆ ತೊಡಿಸಿದಳು. ಲೋಟದ ನೀರನ್ನು ಅದರ ಮೇಲೆ ಚಿಮುಕಿಸಿದಳು. “ವಾರ್ಡಲ್ಲಿ ಒಣಗಿದ ಕೈ ಯಾರಿಗೂ ಇರಲ್ಲ. ಈಗ ತೆಗಿ.”

ಬೆರಳು ಜಾರಿತು. ಇನ್ನೊಮ್ಮೆ ಮೀಟಿದೆ, ಗ್ಲೌಸಿನ ತುದಿ ಹರಿಯಿತು. ಹಲ್ಲು ಕಚ್ಚಿ ಮೂರನೆಯ ಸಲ ಮೀಟಿದಾಗ ಸೀಸೆಯೇ ಕೈತಪ್ಪಿ ಕುರ್ಚಿಯ ಕೆಳಗೆ ಉರುಳಿತು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿರಬೇಕು.

“ಮಗೂನ ಕರೀಲಾ?” ಎಂದಳು ಅಕ್ಕ.

ನನಗೆ ನಾಚಿಕೆಯಾಯಿತು. ಹನ್ನೊಂದು ವರ್ಷದಲ್ಲಿ ನಮ್ಮ ಕಾರ್ಖಾನೆಯಲ್ಲಿ ಒಬ್ಬರೂ ಗ್ಲೌಸು ಹಾಕಿಕೊಂಡು ಆ ಮುಚ್ಚಳ ತೆಗೆದಿರಲಿಲ್ಲ. ತೆರೆದು ನೋಡುತ್ತಿದ್ದವರೆಲ್ಲ ಪ್ರೆಸ್ಸಿನಲ್ಲಿ ಕೆಲಸ ಮಾಡಿ ಬೆರಳು ಕೊರಡಾದವರು, ಕೈ ಒಣಗಿದವರು. ಉಳಿದದ್ದು ಆ ಉಕ್ಕಿನ ಬೆರಳು, ಅದಕ್ಕೆ ಕೀಲುನೋವು ಎಲ್ಲಿಂದ ಬರಬೇಕು?

ಸೋಮವಾರ ಜರಡಿ ಮೇಡಂ ಮುಂದೆ ಗ್ಲೌಸು, ಒಂದು ಬಟ್ಟಲು ನೀರು, ಹತ್ತು ಸೀಸೆ ಇಟ್ಟೆ. ಮೊದಲನೆಯದನ್ನು ಆಕೆ ಸಲೀಸಾಗಿ ತೆರೆದು ಹುಬ್ಬೇರಿಸಿದರು. ಎರಡನೆಯದು ಜಪ್ಪಯ್ಯ ಅನ್ನಲಿಲ್ಲ. ಮೂರನೆಯದು ಬಂತು. ನಾಲ್ಕು, ಐದು, ಆರು ಬರಲಿಲ್ಲ.

“ಇದೇನ್ರೀ ಮೇಷ್ಟ್ರೇ, ಒಂದು ಬರತ್ತೆ, ಒಂದು ಬರಲ್ಲ?” ಎಂದರು. ಆಕೆಯನ್ನು ನಾನು ಎಷ್ಟೇ ಆಡಿಕೊಂಡಿರಲಿ, ಆ ಹೊತ್ತು ಮಾಡಿದ್ದನ್ನು ಹೇಳಲೇಬೇಕು. ಆ ಮೊಹರನ್ನು ಮೇಜಿನಿಂದ ತೆಗೆದು ಕೆಳಗಿನ ಖಾನೆಗೆ ಹಾಕಿ ಬೀಗ ಹಾಕಿದರು.

ಅದೇ ವಾರ ಆಸ್ಪತ್ರೆಯ ಅನುಮತಿ ಪಡೆದು ಒಂದು ಮಧ್ಯಾಹ್ನ ಅಕ್ಕನ ವಾರ್ಡಿಗೆ ಹೋದೆ. ಬಾಗಿಲಲ್ಲೇ ಅಕ್ಕ ನನ್ನನ್ನು ಉಳಿದ ನರ್ಸುಗಳಿಗೆ ಪರಿಚಯಿಸಿದಳು. “ಇವರು ಮುಚ್ಚಳದ ಕಂಪನಿಯವರು. ನೋಡ್ಕೊಂಡು ಹೋಗಕ್ಕೆ ಬಂದಿದಾರೆ.”

ತಮ್ಮ ಅನ್ನಲಿಲ್ಲ. ಬಹುವಚನ ಬೇರೆ. ಯಾಕೆಂದು ಐದೇ ನಿಮಿಷದಲ್ಲಿ ತಿಳಿಯಿತು.

ಔಷಧಿಯ ಗಾಡಿಗೆ ದಾರದಲ್ಲಿ ಒಂದು ಕತ್ತರಿ ಕಟ್ಟಿತ್ತು. ನನ್ನ ಮುಚ್ಚಳ ಮೀಟುವುದಕ್ಕೇ ಮೀಸಲಾದ ಕತ್ತರಿ. ಅದರ ಮೊನೆ ಜಾರಿ ಬಿರಡೆಗೆ ಚುಚ್ಚಿದರೆ ಇಡೀ ಸೀಸೆ ಕಸಕ್ಕೆ. ಒಬ್ಬಳು ಬೀಗದ ಕೈಯಿಂದ ಮೀಟುತ್ತಿದ್ದಳು. ಇನ್ನೊಬ್ಬಳ ಉಗುರು ಬುಡದವರೆಗೆ ಸೀಳಿತ್ತು. “ಇದನ್ನ ಮಾಡ್ದೋನ ಕೈಗೆ ಹುಳ ಬೀಳ,” ಎಂದು ಬೀಗದ ಕೈಯವಳು ನನ್ನ ಮುಂದೆಯೇ ಹರಸಿದಳು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಹೊರಡುವಾಗ ಅವರು ಬಿಸಾಡಿದ ಮುಚ್ಚಳಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಸಿಕೊಂಡು ಬಂದೆ.

ಇನ್ನೂರ ಹದಿಮೂರು ಮುಚ್ಚಳ. ಎರಡು ದಿನ ಒಂದೊಂದನ್ನೂ ಭೂತಗನ್ನಡಿಯಡಿ ಇಟ್ಟು ನೋಡಿದೆ. ಪ್ಲಾಸ್ಟಿಕ್ ಬಿಲ್ಲೆಯನ್ನು ಕೆಳಗಿನ ಅಲ್ಯೂಮಿನಿಯಂ ತಗಡಿಗೆ ಹಿಡಿದಿಟ್ಟಿರುವುದು ಮೂರು ಸಣ್ಣ ಕೊಂಡಿಗಳು. ಮೀಟಿದಾಗ ಅವು ಹರಿಯಬೇಕು. ಬೆರಳಿನಿಂದ ತೆರೆದ ಮುಚ್ಚಳಗಳಲ್ಲಿ ಮೀಟಿದ ಗುರುತು ಒಂದು ಕೊಂಡಿಯ ನೇರಕ್ಕೇ ಇತ್ತು. ಕತ್ತರಿಯ ಗಾಯವಿದ್ದ ಮುಚ್ಚಳಗಳಲ್ಲಿ ಗುರುತು ಎರಡು ಕೊಂಡಿಗಳ ನಡುವೆ ಇತ್ತು. ಅಂದರೆ ಬೆರಳು ಕೊಂಡಿಯ ಮೇಲೆ ಬಿದ್ದರೆ ಒಂದೊಂದೇ ಹರಿಯುತ್ತದೆ, ನಡುವೆ ಬಿದ್ದರೆ ಎರಡನ್ನು ಒಟ್ಟಿಗೆ ಹರಿಯಬೇಕು. ಹೊಲಿದ ಮೂಟೆಯ ಬಾಯಿಯ ಹಾಗೆ. ಸರಿಯಾದ ಎಳೆ ಸಿಕ್ಕರೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಸಿಗದಿದ್ದರೆ ಗಂಟು. ನಮ್ಮ ಯಂತ್ರ ಮೂರನ್ನೂ ಒಟ್ಟಿಗೆ ನೇರ ಮೇಲಕ್ಕೆ ಎಳೆಯುತ್ತಿದ್ದರಿಂದ ಅದಕ್ಕೆ ಈ ವ್ಯತ್ಯಾಸ ತಿಳಿಯುತ್ತಲೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಅಕ್ಕನ ಬೆರಳು ಇಂಥ ಗಂಟುಗಳ ಜೊತೆ ಜಗಳವಾಡಿ ಸವೆದಿತ್ತು. ಅದರಲ್ಲಿ ಹನ್ನೊಂದು ವರ್ಷದ ಪಾಲು ನನ್ನದು.

ಉಪಾಯ ಸುಲಭ ಎಂದುಕೊಂಡೆ. ಒಂದು ಕೊಂಡಿಯ ನೇರಕ್ಕೆ ಬಿಲ್ಲೆಯ ಅಂಚನ್ನು ನಾಲಿಗೆಯ ಹಾಗೆ ಹೊರಗೆ ಚಾಚಿಸಿದೆ. ಮನೆಯಲ್ಲಿ ಅಕ್ಕ ಒದ್ದೆ ಗ್ಲೌಸಿನಲ್ಲಿ ಹತ್ತಕ್ಕೆ ಹತ್ತನ್ನೂ ತೆರೆದಳು. ನಾನು ಆಗಲೇ ಗೆದ್ದೆ ಎಂದು ಬೀಗಿದೆ. ಮಾರನೆಯ ದಿನ ವಾರ್ಡಿನ ಅಭ್ಯಾಸಕ್ಕೆ ಒಯ್ದಿದ್ದನ್ನು ಅವಳು ಹಾಗೇ ವಾಪಸು ತಂದಳು.

“ಆಗಲ್ಲ ಕಣೋ. ನಾಲಿಗೆ ಎಲ್ಲಿದೆ ಅಂತ ಸೀಸೆ ತಿರುಗಿಸಿ ಹುಡುಕ್ಬೇಕು.”

“ಒಂದು ಸಲ ಕಣ್ಣು ಹಾಯಿಸಿದ್ರೆ ಕಾಣತ್ತಲ್ಲ ಅಕ್ಕಾ.”

“ನಾವು ಸೀಸೆ ನೋಡಲ್ಲ ಕಣೋ. ಮುಖ ನೋಡ್ತೀವಿ.”

ಆ ಮಧ್ಯಾಹ್ನ ವಾರ್ಡಿನಲ್ಲಿ ನಾನು ಸೀಸೆಗಳನ್ನೇ ನೋಡುತ್ತಾ ನಿಂತಿದ್ದೆ. ಅವರ ಕಣ್ಣು ಎಲ್ಲಿತ್ತೆಂದು ಗಮನಿಸಿರಲೇ ಇಲ್ಲ. ಮಂಚದ ಮೇಲೆ ಮಲಗಿದವರ ಉಸಿರಾಟ, ತುಟಿಯ ಬಣ್ಣ, ಅವರು ನೋಡುತ್ತಿದ್ದದ್ದು ಅದನ್ನು. ಹಾಗಾದರೆ ಈ ಮುಚ್ಚಳಕ್ಕೆ ಮುಂದು ಹಿಂದು ಇರಕೂಡದು. ಬೆರಳು ಎಲ್ಲಿ ಬಿದ್ದರೂ ಅದೇ ಸರಿಯಾದ ಜಾಗ ಆಗಬೇಕು.

ಮೂರು ದಪ್ಪ ಕೊಂಡಿಗಳ ಬದಲು ಏಳು ತೆಳು ಕೊಂಡಿ ಇಟ್ಟೆ. ಏಳೂ ಸೇರಿ ಹಿಡಿಯುವ ಬಲ ಹಳೆಯ ಮೂರರಷ್ಟೇ, ಆದ್ದರಿಂದ ಪೆಟ್ಟಿಗೆಯಲ್ಲಿ ಕುಲುಕಿದರೆ ಬಿಡುವುದಿಲ್ಲ. ಆದರೆ ಯಾವ ಮಗ್ಗುಲಿಂದ ಮೀಟಿದರೂ ಬೆರಳ ಕೆಳಗೆ ಒಂದು ಸಣ್ಣ ಕೊಂಡಿ ಇದ್ದೇ ಇರುತ್ತದೆ. ಅದು ಹರಿದರೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಗ್ಲೌಸು ತೊಟ್ಟ ಬೆರಳಿಗೆ ಹಿಡಿತ ಸಿಗಲೆಂದು ಬಿಲ್ಲೆಗೆ ಸುತ್ತಲೂ ಟೋಪಿಯಂಥ ಅಂಚು ಕೊಟ್ಟೆ.

ಜರಡಿ ಮೇಡಂ ಇನ್ನೂರು ಸೀಸೆಯ ಪೆಟ್ಟಿಗೆಯನ್ನು ಕುಲುಕುವ ಯಂತ್ರದ ಮೇಲೆ ಇಡೀ ದಿನ ಕುಣಿಸಿದರು. ಸಂಜೆ ತೆರೆದಾಗ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿ ಹನ್ನೆರಡು ಮುಚ್ಚಳ ಕಳಚಿಬಿದ್ದಿದ್ದವು.

“ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಮೇಷ್ಟ್ರೇ,” ಎಂದರು. ಅದರಲ್ಲಿ ಕುಹಕವಿರಲಿಲ್ಲ. ಮೊಹರಿನ ಮಾತು ಆಕೆಯನ್ನೂ ಒಳಗೊಳಗೇ ಕೊರೆಯುತ್ತಿತ್ತು ಎಂದು ಕಾಣುತ್ತದೆ. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತು ಒಂದು ಸೀಸೆ ತಿರುಗಿಸುತ್ತಾ ಕೇಳಿದರು, “ಅಂಚು ಹೊರಗೆ ಯಾಕೆ ಹೋಗ್ಬೇಕು? ಮೇಲಕ್ಕೆ ಹೋದ್ರೆ ಆಗಲ್ವಾ?”

ಆಗುತ್ತದೆ. ಬಿಲ್ಲೆಯನ್ನು ಅಗಲ ಮಾಡದೆ ತಗಡಿನಿಂದ ಒಂಚೂರು ಮೇಲಕ್ಕೆತ್ತಿ, ಅದರಡಿ ಸುತ್ತಲೂ ಒಂದು ತೋಡು ಕೊರೆದರೆ ಬೆರಳಿನ ತುದಿ ಅಲ್ಲಿ ಕೂರುತ್ತದೆ. ಹನ್ನೊಂದು ವರ್ಷ ಪಕ್ಕದ ಕೋಣೆಯಲ್ಲೇ ಇದ್ದ ಈ ಬುದ್ಧಿಯನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಏಳು ಕೊಂಡಿಗಳನ್ನು ಹಾಗೇ ಇಟ್ಟು ಮೂರನೆಯ ಅಚ್ಚು ಮಾಡಿದೆ. ಮೇಡಂ ಅದನ್ನು ಎರಡು ದಿನ ಕುಲುಕಿಸಿದರು. ಒಂದೂ ಕಳಚಲಿಲ್ಲ. ನಂಬಿಕೆ ಬಾರದೆ ಇನ್ನೂರನ್ನೂ ಎರಡು ಸಲ ಎಣಿಸಿದರು. ಆಮೇಲೆ ನಕ್ಕರು. ಆಕೆಗೆ ನಗಲು ಬರುತ್ತದೆಂದು ಕಾರ್ಖಾನೆಗೆ ತಿಳಿದದ್ದೇ ಅವತ್ತು.

ಕಾರ್ಖಾನೆಯ ಯಜಮಾನರು ಕಪಾಟಿನ ಹಳೆಯ ದೂರುಗಳನ್ನೆಲ್ಲ ಓದಿ, ಹೊಸ ಮುಚ್ಚಳದ ಕಾಗದಪತ್ರಕ್ಕೆ ಸಹಿ ಹಾಕಿದರು. ಸರ್ಕಾರದ ಅನುಮತಿ ಐದನೆಯ ತಿಂಗಳಿಗೆ ಬಂತು. ಹೊಸ ಮುಚ್ಚಳದ ಸೀಸೆಗಳ ಮೊದಲ ಪೆಟ್ಟಿಗೆಗಳು ಅಕ್ಕನ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು.

ಹೊಸ ಸೀಸೆ ಹೇಗೆ ನಡೆಯುತ್ತದೆಂದು ನೋಡಲು ಹೆಡ್ ಸಿಸ್ಟರ್ ಕಂಪನಿಯ ಕಡೆಯಿಂದ ನನ್ನನ್ನೂ ಕರೆಸಿದ್ದರು. ಮೂಲೆಯಲ್ಲಿ ನಿಂತುಕೊಂಡೆ. ಬೊಂಬೆ ಮಂಚದ ಮೇಲಿತ್ತು. ಐದು ಸೀಸೆ ತಟ್ಟೆಯಲ್ಲಿದ್ದವು. ಏಳು ಜನ ನರ್ಸುಗಳು ಮುಗಿಸಿದರು, ಎಲ್ಲರೂ ಪಾಸು. ಅವರಲ್ಲಿ ಎಲ್ಲರಿಗಿಂತ ಚುರುಕು ಬೀಗದ ಕೈಯವಳು, ಎರಡು ನಿಮಿಷ ಇಪ್ಪತ್ತು ಸೆಕೆಂಡು. ಕೊನೆಗೆ ಅಕ್ಕ ಬಂದಳು. ಗ್ಲೌಸು ತೊಡುವಾಗ ಬಲಗೈ ಹೆಬ್ಬೆರಳನ್ನು ಎಡಗೈಯಿಂದ ಮೆಲ್ಲಗೆ ನೀವಿಕೊಂಡಳು.

ಗಡಿಯಾರ ಶುರುವಾಯಿತು. ಅಕ್ಕ ತಟ್ಟೆಯ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಬೊಂಬೆಯ ಮುಖದ ಮೇಲಿತ್ತು. ಕೈ ತಾನಾಗಿ ಹೋಗಿ ಒಂದು ಸೀಸೆ ಎತ್ತಿಕೊಂಡಿತು. ಟಕ್. ಸಿರಿಂಜಿಗೆ ಎಳೆದಳು. “ಆಯ್ತಪ್ಪಾ, ಆಯ್ತು, ಈಗ ಆಗೋಗತ್ತೆ,” ಎಂದು ಆ ಪ್ಲಾಸ್ಟಿಕ್ ಬೊಂಬೆಗೆ ಸಮಾಧಾನ ಹೇಳಿದಳು, ಇಪ್ಪತ್ತೆಂಟು ವರ್ಷದ ಅಭ್ಯಾಸ. ಟಕ್. ಟಕ್. ನಾಲ್ಕನೆಯದು. ಹಿಂದಿನ ಸಲ ಸಿಕ್ಕಿಬಿದ್ದದ್ದು ಇಲ್ಲೇ. ಟಕ್. ಐದನೆಯದರ ಮುಚ್ಚಳ ಹಾರಿ ಹೆಡ್ ಸಿಸ್ಟರ್ ಪಾದದ ಬಳಿ ಬಿತ್ತು.

ಹೆಡ್ ಸಿಸ್ಟರ್ ಗಡಿಯಾರ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. “ಎರಡು ನಿಮಿಷ ಎಂಟು ಸೆಕೆಂಡು. ಬಟ್ಟೆ ಕೋಣೆಗೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು.”

ವಾರ್ಡಿನಲ್ಲಿ ಗದ್ದಲವೆದ್ದಿತು. ಯಾರೋ ಚಪ್ಪಾಳೆ ತಟ್ಟಿದರು. ಬೀಗದ ಕೈಯವಳು ಔಷಧಿ ಗಾಡಿಯ ಬಳಿ ಹೋಗಿ, ಆ ಕತ್ತರಿಯಿಂದಲೇ ಅದನ್ನು ಕಟ್ಟಿದ್ದ ದಾರವನ್ನು ಕತ್ತರಿಸಿದಳು. ನನ್ನ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷ ಹೆಮ್ಮೆಪಟ್ಟದ್ದೆಲ್ಲ ಸೇರಿದರೂ ಆ ಕ್ಷಣದ ಸುಖಕ್ಕೆ ಸಾಟಿಯಿರಲಿಲ್ಲ.

“ಇವರೇ ಅಲ್ವಾ ಮುಚ್ಚಳದ ಕಂಪನಿಯವರು?” ಎಂದು ಬೀಗದ ಕೈಯವಳು ನನ್ನತ್ತ ಕೈ ತೋರಿಸಿದಳು.

“ಕಂಪನಿಯವರು ಅಲ್ಲ,” ಎಂದಳು ಅಕ್ಕ. “ನನ್ನ ತಮ್ಮ. ಈ ಮುಚ್ಚಳ ಇವನ ಕೈಕೆಲಸ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮತ್ತೆ ಎದೆ ಉಬ್ಬಿಸುವುದರಲ್ಲಿದ್ದೆ. ಅಷ್ಟರಲ್ಲಿ ಅಕ್ಕ ಗ್ಲೌಸು ಕಳಚುತ್ತಾ ನೇರ ನನ್ನ ಮುಂದೆ ಬಂದು ನಿಂತಳು.

“ಹಳೇದೂ ಇವನದೇ,” ಎಂದು ಇಡೀ ವಾರ್ಡಿನೆದುರು ನನ್ನ ತಲೆಗೆ ಒಂದು ಮೊಟಕಿದಳು.

ಸವೆದ ಕೀಲಿನ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. ಚೆನ್ನಾಗಿಯೇ ನೋಯಿತು. ನಾನು ತಲೆ ಉಜ್ಜಿಕೊಳ್ಳುತ್ತಾ ನಗುತ್ತಲೇ ನಿಂತಿದ್ದೆ, ಅವಳು ಮುಂದಿನ ಪಾಳಿಗೆ ಸಹಿ ಹಾಕಲು ರಿಜಿಸ್ಟರಿನ ಕಡೆ ಹೋದಳು.