ಕರಿ ಮೇಕೆಯ ಹಾಲು

ಆರು ವರ್ಷದ ಲಾವಣ್ಯಳ ಹೊಕ್ಕುಳು ಶಾಲೆಯಲ್ಲಿ ಹೆಸರುವಾಸಿ. ಉಸಿರು ಬಿಗಿಹಿಡಿದು ತಿಣುಕಿದರೆ ಅದು ನೆಲ್ಲಿಕಾಯಿ ಗಾತ್ರಕ್ಕೆ ಉಬ್ಬುತ್ತಿತ್ತು. ಬೆರಳಿಂದ ಒತ್ತಿದರೆ ಗುಳಕ್ಕನೆ ಒಳಗೆ ಹೋಗುತ್ತಿತ್ತು. ನೋಡುವುದಕ್ಕೆ ಒಂದು ಹಿಡಿ ಕಡಲೆಕಾಯಿ, ಒತ್ತುವುದಕ್ಕೆ ಎರಡು ಹಿಡಿ. ಒಂದನೇ ತರಗತಿಯ ಮಕ್ಕಳೆಲ್ಲ ಈ ದರ ಒಪ್ಪಿದ್ದರು.

ಡಾಕ್ಟರು ಅದನ್ನು ಹರ್ನಿಯಾ ಅಂದರು. ಹೊಕ್ಕುಳ ಹಿಂದಿನ ತೂತು ಬಹುಪಾಲು ಮಕ್ಕಳಿಗೆ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ, ಇವಳದು ಮುಚ್ಚಿರಲಿಲ್ಲ. ಸಣ್ಣ ಆಪರೇಷನ್, ಸಂಜೆಗೆ ಮನೆ. ಆದರೆ ಮಧುಗಿರಿಯ ಆ ನರ್ಸಿಂಗ್ ಹೋಮಿಗೆ ಮಕ್ಕಳ ಸರ್ಜನ್ ತುಮಕೂರಿನಿಂದ ಬರುತ್ತಿದ್ದದ್ದು ತಿಂಗಳಿಗೆ ಒಂದೇ ದಿನ.

ಹೋದ ತಿಂಗಳು ಆ ದಿನ ಕೈತಪ್ಪಿತ್ತು. ತಪ್ಪಿಸಿದವಳು ಅಜ್ಜಿ ಗೌರಕ್ಕ. ಐ.ಡಿ.ಹಳ್ಳಿ ಕಡೆಯ ಅವರ ಹಟ್ಟಿಯಲ್ಲಿ ದೂರ ಹೊರಟವರನ್ನು ಬರಿಬಾಯಲ್ಲಿ ಕಳಿಸುವುದಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ, ಆಗ ತಾನೇ ಕರೆದ ಹಾಲು ಎರಡು ಗುಟುಕು ಕುಡಿಸುತ್ತಾರೆ. ಗೌರಕ್ಕ ಕುಡಿಸಿದಳು, ಸೆರಗಿನಿಂದ ಬಾಯಿ ಒರೆಸಿದಳು, ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ ಲಾವಣ್ಯಳೇ ಹೆಮ್ಮೆಯಿಂದ ಹೇಳಿದಳು. ಆಪರೇಷನ್‌ಗೆ ಖಾಲಿ ಹೊಟ್ಟೆ ಇರಬೇಕಿತ್ತು; ಅಂದಿನ ಪಟ್ಟಿಯಲ್ಲಿ ಬೇರೆ ಹೊತ್ತು ಇರಲಿಲ್ಲ, ವಾಪಸ್ ಕಳಿಸಿದರು. ಬರುವ ದಾರಿಯಲ್ಲಿ ಮಸಾಲೆ ದೋಸೆ ಸಿಕ್ಕಿತ್ತು.

ಈ ಸಲ ಹೊರಡುವ ಮುಂಚೆ ಸೊಸೆ, ಲಾವಣ್ಯಳ ಅಮ್ಮ ಅನಸೂಯ ಖಡಾಖಂಡಿತ ಹೇಳಿದ್ದಳು. "ಅತ್ತೆ, ಮಗೀನ ಬಾಯಿಗೆ ಏನಾರ ಹಾಕಿದ್ರೋ, ಇನ್ನು ನಿಮ್ಮತ್ರ ಬುಟ್ಟು ಕೆಲ್ಸಕ್ಕೋಗಲ್ಲ. ಪಾವಗಡಕ್ಕೆ ನಮ್ಮವ್ವನ ಮನೆಗೆ ಬುಟ್ಟುಬುಡ್ತೀನಿ."

"ಕರುವಿನ ಬಾಯಿಗೆ ಕಟ್ಟೋ ಕುಕ್ಕೇನ ನನ್ ಕೈಗೇ ಕಟ್ಟುಬುಡಮ್ಮ," ಎಂದಳು ಗೌರಕ್ಕ. ನಗೆಯಾಡಿದರೂ ಆ ಮಾತಿಗೆ ಹೆದರಿದ್ದಳು. ಹುಟ್ಟಿದಾಗಿನಿಂದ ಆ ಮಗು ಅವಳ ಮಗ್ಗುಲಲ್ಲೇ ಮಲಗಿದ್ದು.

ಬೆಳಿಗ್ಗೆ ಎಂಟಕ್ಕೆ ನರ್ಸ್ ಲೋಹಿತಾ ಫೈಲ್ ತೆಗೆದಳು. "ಮಗು ಕೊನೆಗೆ ತಿಂದದ್ದು ಯಾವಾಗ?"

"ರಾತ್ರಿ ಒಂಬತ್ಕೆ. ಮುದ್ದೆ, ಹುರುಳಿ ಸಾರು," ಎಂದಳು ಅನಸೂಯ.

"ಬೆಳಿಗ್ಗೆ ಆರಕ್ಕೆ ಹಾಲು," ಎಂದಳು ಲಾವಣ್ಯ. "ಅಜ್ಜಿ ಕೊಟ್ಳು. ಯಾರ್ಗೂ ಹೇಳ್ಬ್ಯಾಡ ಅಂದ್ಳು."

ಪೆನ್ನು ನಿಂತಿತು. ಅನಸೂಯ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

"ನನ್ ಕುರಿ ಮ್ಯಾಲೆ ಆಣೆ..."

"ಆಣೆ ಬ್ಯಾಡ. ಹೋದ್ಸಲಾನೂ ಕುರಿ ಮ್ಯಾಲೇ ಇಟ್ಟಿದ್ರಿ."

ಅದು ನಿಜವೇ ಆಗಿತ್ತು. ಗೌರಕ್ಕ ವಾದ ಬಿಟ್ಟು ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಯಾವ ಮೇಕೆ ಹಾಲು ಕಣಮ್ಮ ಕೊಟ್ಟಿದ್ದು?"

"ಕರಿ ಮೇಕೇದು."

"ಕಾಸಿದ್ನೋ, ಹಸೀದೋ?"

"ಹಸೀದು. ನೊರೆ ಇತ್ತು."

ಗೌರಕ್ಕ ಮಂಡಿ ಹಿಡಿದು ಎದ್ದಳು. "ಬರ್ಕಳಮ್ಮ ಸಿಸ್ಟರು. ಕರಿ ಮೇಕೆ ನಾಕು ತಿಂಗ್ಳ ಗಬ್ಬ. ಹಾಲು ಬತ್ತಿ ಹದಿನೈದು ದಿನ ಆತು. ಈಗ ಕೆಚ್ಲಿಗೆ ಕೈ ಹಾಕಿದ್ರೆ ಒದೆ ಸಿಗ್ತದೆ, ನೊರೆ ಅಲ್ಲ. ಇವ್ಳು ಹೋದ ತಿಂಗ್ಳಿನ ಹಾಲ್ನೇ ತಂದವ್ಳೆ."

ಮೇಕೆ ಬತ್ತಿದ್ದು ಅನಸೂಯಳಿಗೂ ಗೊತ್ತಿತ್ತು.

ಅರಿವಳಿಕೆ ಡಾಕ್ಟರ್ ಪ್ರಭುದೇವ್ ಬಾಗಿಲಲ್ಲಿ ನಿಂತು ಇಷ್ಟೂ ಕೇಳಿದ್ದರು. ಮೊದಲು ನಕ್ಕರು, ಆಮೇಲೆ ನಗಲಿಲ್ಲ. "ಅಜ್ಜಿ, ನಿಮ್ಮನ್ನ ನಂಬ್ತೀನಿ. ಆದ್ರೆ ಮೇಕೆ ಸಾಕ್ಷಿ ನಂಬಿ ಮಗುಗೆ ಅರಿವಳಿಕೆ ಕೊಡಲ್ಲ. ಹೊಟ್ಟೇಲಿ ಹಾಲಿದ್ರೆ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳೀಬಹುದು. ಆರಕ್ಕೆ ಕುಡಿದಳು ಅಂತಾನೇ ಇಟ್ಕೊಳ್ಳೋಣ. ಹಾಲಿಗೆ ಆರು ಗಂಟೆ ಕಾಯ್ಬೇಕು. ಇವತ್ತು ಮೂರೇ ಮಕ್ಕಳು. ಇವಳನ್ನ ಕೊನೆಗೆ ಹಾಕ್ತೀನಿ, ಹನ್ನೆರಡಕ್ಕೆ. ಹತ್ತರವರೆಗೆ ತಿಳಿ ಸಕ್ಕರೆ ನೀರು ಕೊಡಬಹುದು. ಹಾಲು, ಮಜ್ಜಿಗೆ, ಬಿಸ್ಕತ್ತು ಯಾವುದೂ ಬೇಡ."

ಹಾಲು ಕುಡಿದೆ ಅಂದರೆ ಮನೆಗೆ ಕಳಿಸುತ್ತಾರೆ, ಮನೆ ದಾರಿಯಲ್ಲಿ ದೋಸೆ ಎಂಬುದು ಲಾವಣ್ಯಳ ಲೆಕ್ಕ. ಹನ್ನೆರಡು ಗಂಟೆ ಅದರಲ್ಲಿ ಇರಲಿಲ್ಲ. ಒಂಬತ್ತಕ್ಕೆ ಯಾರೋ ಎದುರಿಗೇ ಇಡ್ಲಿ ಪೊಟ್ಟಣ ಬಿಚ್ಚಿದರು.

"ಅಜ್ಜಿ, ನಾನು ಹಾಲು ಕುಡೀಲಿಲ್ಲ."

"ಕುಡ್ದಿದ್ದೀಯ ಬುಡು. ನೊರೆ ಇತ್ತಲ್ಲ."

"ನೊರೆ ಸುಳ್ಳು."

"ಅಂಗಂತ ಡಾಕ್ಟ್ರಿಗೇಳು ಹೋಗು."

ಹೋಗಿ ಹೇಳಿದಳು. "ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದೋ?" ಎಂದು ಪ್ರಭುದೇವ್ ಕೇಳಿದರು.

ಲಾವಣ್ಯ ಯೋಚಿಸಿದಳು. "ಎಲ್ಡೂ ನಿಜ."

"ಹಂಗಾದ್ರೆ ಹನ್ನೆರಡಕ್ಕೇ."

ಮೊದಲನೇ ಮಗು ಆಪರೇಷನ್ ಮುಗಿಸಿ ಅಳುತ್ತಾ ಹೊರಗೆ ಬಂತು. ಅಮ್ಮನ ಗುರುತೂ ಹತ್ತಿದಂತಿರಲಿಲ್ಲ. "ಎದ್ದ ತಕ್ಷಣ ಕೆಲವು ಮಕ್ಕಳು ಹಿಂಗೆ ಕಿರಿಕಿರಿ ಮಾಡ್ತಾವೆ. ಗಾಬರಿ ಬೇಡ, ಅರ್ಧ ಗಂಟೇಲಿ ಸರಿಹೋಗುತ್ತೆ," ಎಂದು ಲೋಹಿತಾ ಅವರಿಗೂ ಇವರಿಗೂ ಸೇರಿಸಿ ಹೇಳಿದಳು.

"ನನ್ ಹೊಕ್ಕುಳು ಕಿತ್ತಾಕ್ತಾರಾ?" ಲಾವಣ್ಯ ಕೇಳಿದಳು.

"ಇಲ್ಲಮ್ಮ, ಇದ್ದಲ್ಲೇ ಇರುತ್ತೆ. ಉಬ್ಬಲ್ಲ ಅಷ್ಟೆ."

"ಉಬ್ಬದಿದ್ರೆ ಯಾರು ನೋಡ್ತಾರೆ?"

ಹಾಲಿನ ಸುಳ್ಳು ಎಲ್ಲಿಂದ ಬಂತೆಂದು ಅನಸೂಯಳಿಗೆ ಆಗ ತಿಳಿಯಿತು; ಆಪರೇಷನ್ ಆದರೆ ಕಡಲೆಕಾಯಿ ನಿಲ್ಲುತ್ತಿತ್ತು. ನಗು ತಡೆಯಲಾರದೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಲೋಹಿತಾ ಮತ್ತೆ ಫೈಲ್ ಹಿಡಿದು ಬಂದಳು. ಒಳಗೆ ಹೋಗುವ ಮುಂಚೆ ಇನ್ನೊಮ್ಮೆ ಕೇಳುವುದು ನಿಯಮ. "ಕೊನೆಗೆ ಏನು ಕೊಟ್ರಿ, ಎಷ್ಟು ಹೊತ್ತಿಗೆ?"

"ನಮ್ಮತ್ತೇನ ಕೇಳಿ," ಎಂದಳು ಅನಸೂಯ. "ಅವರೇಳಿದ್ದೇ ಬರ್ಕಳಿ."

ಗೌರಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ರಾತ್ರಿ ಒಂಬತ್ಕೆ ಮುದ್ದೆ. ಬೆಳಿಗ್ಗೆ ಹತ್ತಕ್ಕೆ ಕಾಲು ಗಂಟೆ ಇದ್ದಂಗೆ ಸಕ್ಕರೆ ನೀರು, ಅರ್ಧ ಲೋಟ. ಹಾಲು ಗೀಲು ಏನೂ ಇಲ್ಲ."

"ಅರ್ಧ ಅಲ್ಲ, ಕಾಲು ಲೋಟ," ಎಂದಳು ಲಾವಣ್ಯ. "ಮಿಕ್ಕಿದ್ದು ಅಜ್ಜಿ ಕುಡುದ್ಬುಟ್ಳು."

ಎಲ್ಲರೂ ಗೌರಕ್ಕನನ್ನು ನೋಡಿದರು.

"ನಾನೂ ರಾತ್ರಿಯಿಂದ ಏನೂ ತಿಂದಿಲ್ಲ ಕಣಮ್ಮ," ಎಂದಳು ಅವಳು, ನೆಲ ನೋಡುತ್ತಾ. "ಮಗು ಹಸ್ಕಂಡಿರುವಾಗ ಹೆಂಗೆ ತಿನ್ನಾದು?"

ಲೋಹಿತಾ 'ಅರ್ಧ' ಹೊಡೆದುಹಾಕಿ 'ಕಾಲು' ಎಂದು ತಿದ್ದಿದಳು. "ನಿದ್ದೆ ಬರೋವರೆಗೆ ಒಬ್ರು ಜೊತೇಲಿರಬಹುದು. ಯಾರು ಬರ್ತೀರಿ?"

ಅನಸೂಯ ಅತ್ತೆಯ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.